ಕುಡಿಯದವನ ಕೆಂಪು ಮೂಗು

ಪ್ಯಾರಿಸ್ ನಗರದ ಲೂವ್ರ್ ಚಿತ್ರಶಾಲೆಯಲ್ಲಿ ಒಂದು ಪುಟ್ಟ ಚಿತ್ರವಿದೆ. ಫ್ಲಾರೆನ್ಸಿನ ಚಿತ್ರಕಾರ ದೊಮೆನಿಕೊ ಗಿರ್ಲಾಂದಾಯೊ 1490ರ ಸುಮಾರಿನಲ್ಲಿ ಮರದ ಹಲಗೆಯ ಮೇಲೆ ಬರೆದದ್ದು. ಕೆಂಪು ನಿಲುವಂಗಿ ತೊಟ್ಟ, ನರೆತ ತಲೆಯ ವೃದ್ಧನೊಬ್ಬ ಕಿಟಕಿಯ ಪಕ್ಕದಲ್ಲಿ ಕುಳಿತಿದ್ದಾನೆ. ಹೊಂಗೂದಲಿನ ಬಾಲಕನೊಬ್ಬ ಅವನ ಎದೆಯ ಮೇಲೆ ಕೈಯಿಟ್ಟು, ಮೋರೆಯೆತ್ತಿ, ಅವನನ್ನೇ ನೋಡುತ್ತಿದ್ದಾನೆ. ವೃದ್ಧನ ಮೂಗಾದರೋ ಉಬ್ಬಿ, ಗಂಟುಗಂಟಾಗಿ, ಸೀತಾಫಲದ ಮೇಲ್ಮೈಯನ್ನು ನೆನಪಿಗೆ ತರುತ್ತದೆ. ಚಿತ್ರಕಾರ ಅದನ್ನು ಮರೆಮಾಚುವ ಗೋಜಿಗೆ ಹೋಗಿಲ್ಲ. ಬಾಲಕನ ಕಣ್ಣುಗಳಲ್ಲಿಯೂ ಅಂಜಿಕೆಯಾಗಲಿ ಹೇಸಿಕೆಯಾಗಲಿ ಇಲ್ಲ. ಅಜ್ಜ, ಮೊಮ್ಮಗ ಎಂದು ಲೋಕ ಕರೆಯುವ ಈ ಇಬ್ಬರ ಹೆಸರುಗಳು ಚರಿತ್ರೆಯಲ್ಲಿ ಉಳಿದು ಬಂದಿಲ್ಲ. ಆದರೆ ಅಜ್ಜನ ರೋಗದ ಹೆಸರು ಇಂದಿನ ಚರ್ಮವೈದ್ಯರಿಗೆ ಚಿತ್ರವನ್ನು ಕಂಡೊಡನೆಯೇ ಹೊಳೆಯುತ್ತದೆ. ಅದು ರೊಸೇಶಿಯ. ಮೂಗಿನ ಆ ವಿಕಾರಕ್ಕೆ ರೈನೊಫೈಮ ಎಂದು ಹೆಸರು.

ನಾಲ್ಕು ಶತಮಾನಗಳ ತರುವಾಯ ಅದೇ ಬಗೆಯ ಮೂಗು ಅಮೆರಿಕದ ಕುಬೇರನೊಬ್ಬನ ಮುಖದ ಮೇಲೆ ಕಾಣಿಸಿಕೊಂಡಿತು. ಜೆ. ಪಿ. ಮಾರ್ಗನ್ (1837–1913) ರೈಲುಮಾರ್ಗ, ಉಕ್ಕು, ಬ್ಯಾಂಕುಗಳ ಒಡೆಯ. 1907ರಲ್ಲಿ ಅಮೆರಿಕದ ಬ್ಯಾಂಕುಗಳು ಒಂದೊಂದಾಗಿ ಕುಸಿಯತೊಡಗಿದಾಗ ಧನಿಕರನ್ನು ಒಟ್ಟುಗೂಡಿಸಿ ದೇಶದ ಹಣಕಾಸಿಗೆ ಆಸರೆಯಾಗಿ ನಿಂತಾತ. ಇಂಥ ಎದೆಗಾರನೂ ಕ್ಯಾಮರಾ ಕಂಡರೆ ಕೆರಳುತ್ತಿದ್ದ. ಬೀದಿಯಲ್ಲಿ ಛಾಯಾಗ್ರಾಹಕನ ಮೇಲೆ ಬೆತ್ತ ಬೀಸುತ್ತಿರುವ ಅವನ ಚಿತ್ರವೇ ಒಂದು ಉಳಿದಿದೆ, 1910ರದು. ತನ್ನ ಭಾವಚಿತ್ರಗಳು ಹೊರಬೀಳುವ ಮೊದಲು ಅವುಗಳಲ್ಲಿನ ಮೂಗನ್ನು ತಿದ್ದಿಸುವುದು ಅವನ ರೂಢಿಯಾಗಿತ್ತು. ಒಂದು ರಾಷ್ಟ್ರದ ಬೊಕ್ಕಸವನ್ನು ಎತ್ತಿಹಿಡಿಯಬಲ್ಲ ಹಣವಿದ್ದೂ ಒಂದು ಮೂಗು ಸರಿಯಾಗದೆ ಉಳಿದದ್ದು ವಿಧಿಯ ವಿನೋದವೆನ್ನಬೇಕು.

ಅವನ ನಾಚಿಕೆಗೆ ಕಾರಣವಿಲ್ಲದೆ ಇರಲಿಲ್ಲ. ಪಶ್ಚಿಮ ದೇಶಗಳಲ್ಲಿ ಕೆಂಪು ಮೂಗು ಕುಡುಕನ ಗುರುತು. ನಾಟಕಕಾರರು, ಕತೆಗಾರರು, ವ್ಯಂಗ್ಯಚಿತ್ರಕಾರರು ಎಲ್ಲರೂ ಸೇರಿ ಆ ನಂಬಿಕೆಯನ್ನು ಶತಮಾನಗಳ ಕಾಲ ಪೋಷಿಸಿದ್ದಾರೆ. ಷೇಕ್ಸ್‌ಪಿಯರನ ಬಾರ್ಡಾಲ್ಫನ ಕೆಂಡದಂಥ ಮೂಗು ರಂಗಭೂಮಿಯಲ್ಲಿ ಇಂದಿಗೂ ನಗೆಯ ವಸ್ತು. ಹನಿ ಮದ್ಯವನ್ನೂ ಮುಟ್ಟದವನು ಈ ರೋಗಕ್ಕೆ ಸಿಕ್ಕಿದರೆ ಅವನ ಪಾಡು ಏನಾಗಬೇಡ? ಮದ್ಯಪಾನದಿಂದ ರೋಗ ಕೆರಳುವುದುಂಟು, ಅದು ಬರುವ ಸಂಭವವೂ ತುಸು ಹೆಚ್ಚುವುದುಂಟು, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ರೋಗದ ಬೇರು ಹೆಂಡದ ಬುಂಡೆಯಲ್ಲಿಲ್ಲ. ಅಮೆರಿಕದ ರಾಷ್ಟ್ರೀಯ ರೊಸೇಶಿಯ ಸಂಘವು 1,066 ಮಂದಿ ರೋಗಿಗಳನ್ನು ವಿಚಾರಿಸಿದಾಗ, ತಮ್ಮ ರೋಗವನ್ನು ಬಿಸಿಲು ಕೆರಳಿಸುತ್ತದೆಂದವರು 100ಕ್ಕೆ 81, ಮನಸ್ಸಿನ ಉದ್ವೇಗವೆಂದವರು 79. ಮದ್ಯವನ್ನು ದೂರಿದವರು 52 ಮಾತ್ರ.

ಗುಲಾಬಿಯಂಥದು ಎಂಬರ್ಥದ ಲ್ಯಾಟಿನ್ ಮಾತಿನಿಂದ ಬಂದ ಹೆಸರು ರೊಸೇಶಿಯ. ಹೆಸರು ಚೆಲುವಾಗಿದೆ, ರೋಗ ಹಾಗಿಲ್ಲ. ಸಾಮಾನ್ಯವಾಗಿ 30 ವರ್ಷ ದಾಟಿದವರಲ್ಲಿ ಇದು ತಲೆದೋರುತ್ತದೆ. ಗಂಡಸರಿಗಿಂತ ಹೆಂಗಸರು ಹೆಚ್ಚಾಗಿ ವೈದ್ಯರ ಬಳಿಗೆ ಬರುತ್ತಾರೆ. ಮೂಗು ದಪ್ಪವಾಗುವ ವಿಕಾರ ಮಾತ್ರ ಬಹುಮಟ್ಟಿಗೆ ಗಂಡಸರ ಪಾಲಿನದು. 2018ರಲ್ಲಿ ಪ್ರಕಟವಾದ ಒಂದು ಲೆಕ್ಕಾಚಾರದಂತೆ ಪ್ರಪಂಚದ ವಯಸ್ಕರಲ್ಲಿ 100ಕ್ಕೆ 5ಕ್ಕಿಂತ ತುಸು ಹೆಚ್ಚು ಮಂದಿಗೆ ಇದು ಇದೆ. ಇದು ಅಂಟುರೋಗವಲ್ಲ, ಕೊಳಕಿನಿಂದ ಬರುವುದಲ್ಲ, ಪ್ರಾಣಕ್ಕೆ ಎರವಾಗುವುದೂ ಅಲ್ಲ.

ಮೊದಮೊದಲು ಮುಖ ಆಗಾಗ ಕೆಂಪೇರುತ್ತದೆ, ಅಷ್ಟೆ. ಬಿಸಿಲಿನಲ್ಲಿ ನಡೆದು ಬಂದರೆ, ಒಲೆಯ ಮುಂದೆ ನಿಂತರೆ, ನಾಲ್ಕು ಜನರ ಮುಂದೆ ಮಾತನಾಡಬೇಕಾದರೆ, ಕೆನ್ನೆ, ಮೂಗು, ಗಲ್ಲ, ಹಣೆಯ ನಡುಭಾಗ ಜುಮ್ಮೆಂದು ಕಾಯುತ್ತದೆ. ಎಲ್ಲರಿಗೂ ಹೀಗಾಗುವುದಲ್ಲವೆ ಎಂದು ಯಾರೂ ಲಕ್ಷ್ಯಕ್ಕೆ ತರುವುದಿಲ್ಲ. ಬರಬರುತ್ತ ಆ ಕೆಂಪು ಇಳಿಯಲು ಹೆಚ್ಚು ಹೊತ್ತು ಹಿಡಿಯುತ್ತದೆ. ಕೊನೆಗೊಮ್ಮೆ ಇಳಿಯದೆ ನಿಂತುಬಿಡುತ್ತದೆ. ಚರ್ಮದಡಿಯ ಸೂಕ್ಷ್ಮ ರಕ್ತನಾಳಗಳು ಹಿಗ್ಗಿ ದಾರದ ಎಳೆಗಳಂತೆ ಕಾಣುತ್ತವೆ. ಕೆಲವರಲ್ಲಿ ಮೊಡವೆಯನ್ನು ಹೋಲುವ ಗುಳ್ಳೆಗಳು, ಕೀವುಗುಳ್ಳೆಗಳು ಏಳುತ್ತವೆ. ಸೋಪು ಸೋಕಿದರೆ ಉರಿ, ನೀರು ಸೋಕಿದರೆ ಚುರುಚುರು. ಎಲ್ಲರೂ ಎಲ್ಲ ಘಟ್ಟಗಳನ್ನೂ ಹಾಯಬೇಕೆಂಬ ನಿಯಮವೇನೂ ಇಲ್ಲ. ಫ್ಲಾರೆನ್ಸಿನ ಅಜ್ಜನ ಸ್ಥಿತಿಗೆ ಬರುವವರು ಕೆಲವರೇ.

ಮೂಲವೆಲ್ಲಿ?

ಇದರ ಮೂಲಕಾರಣ ಇಂಥದೇ ಎಂದು ವೈದ್ಯಶಾಸ್ತ್ರ ಇನ್ನೂ ಒಂದೇ ಮಾತಿನಲ್ಲಿ ಹೇಳಲಾರದು. ಆದರೂ ಈಚಿನ ವರ್ಷಗಳಲ್ಲಿ ಗಂಟುಗಳು ಒಂದೊಂದಾಗಿ ಬಿಚ್ಚಿಕೊಳ್ಳುತ್ತಿವೆ. ನಮ್ಮ ಚರ್ಮದಲ್ಲಿ ಕ್ಯಾಥೆಲಿಸಿಡಿನ್ ಎಂಬ ಒಂದು ರಕ್ಷಕ ವಸ್ತುವುಂಟು. ರೋಗಾಣುಗಳನ್ನು ತಡೆಯುವುದು ಅದರ ಕೆಲಸ. ರೊಸೇಶಿಯ ಇರುವವರ ಮುಖದಲ್ಲಿ ಇದು ಅಳತೆ ಮೀರಿ ತಯಾರಾಗುವುದಲ್ಲದೆ ಬೇರೊಂದು ರೂಪದಲ್ಲಿ ಒಡೆದು, ಉರಿಯೂತವನ್ನೂ ರಕ್ತನಾಳಗಳ ಬೆಳವಣಿಗೆಯನ್ನೂ ಪ್ರಚೋದಿಸುತ್ತದೆಂದು 2007ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದರು. ಕಾವಲುಗಾರನೇ ಮನೆಯವರ ಮೇಲೆ ಕೈಮಾಡಿದಂತೆ.

ಇನ್ನೊಂದು ಸಂಶಯ ಒಂದು ನುಸಿಯ ಮೇಲೆ. ಡೆಮೊಡೆಕ್ಸ್ ಎಂಬ, ಮಿಲಿಮೀಟರಿನ ಮೂರನೆಯ ಒಂದು ಪಾಲಿನಷ್ಟು ಉದ್ದದ, ಎಂಟು ಕಾಲಿನ ಈ ಜೀವಿ ವಯಸ್ಕರೆಲ್ಲರ ಮುಖದ ರೋಮಕೂಪಗಳಲ್ಲಿ ಬಾಡಿಗೆ ಕೊಡದೆ ವಾಸಿಸುತ್ತದೆ. ಬರ್ಲಿನ್ನಿನ ವೈದ್ಯ ಗುಸ್ತಾವ್ ಸೈಮನ್ 1842ರಲ್ಲಿಯೇ ಇದನ್ನು ವರ್ಣಿಸಿದ್ದ. ಅಸಹ್ಯಪಟ್ಟುಕೊಳ್ಳಬೇಕಾದ್ದಿಲ್ಲ, ಹೆಚ್ಚಿನವರಿಗೆ ಅದರಿಂದ ತೊಂದರೆಯಿಲ್ಲ. ರೊಸೇಶಿಯ ರೋಗಿಗಳ ಮುಖದಲ್ಲಿ ಇವುಗಳ ಸಂಖ್ಯೆ ಹೆಚ್ಚಾಗಿರುತ್ತದೆ. ಹೆಚ್ಚಿದ್ದರಿಂದ ರೋಗ ಬಂದಿತೋ, ರೋಗವಿರುವ ಚರ್ಮ ಅವುಗಳಿಗೆ ಹಿತವಾಯಿತೋ ಎಂಬ ವಾದ ಮುಗಿದಿಲ್ಲ.

ಖಾರ ತಿಂದರೆ ಮುಖ ಏಕೆ ಕಾಯುತ್ತದೆ ಎಂಬುದಕ್ಕೆ ಉತ್ತರ ಹೆಚ್ಚು ಸ್ಪಷ್ಟವಾಗಿದೆ. ನರಗಳ ತುದಿಯಲ್ಲಿ ಬಿಸಿಯನ್ನು ಗುರುತಿಸುವ ಒಂದು ಬಗೆಯ ಬಾಗಿಲುಗಳಿವೆ. ಮೆಣಸಿನಕಾಯಿಯ ಖಾರದ ಅಂಶವೂ ಅದೇ ಬಾಗಿಲನ್ನು ತೆರೆಯುತ್ತದೆ. ಅಮೆರಿಕದ ಡೇವಿಡ್ ಜೂಲಿಯಸ್ 1997ರಲ್ಲಿ ಇದನ್ನು ಕಂಡುಹಿಡಿದ. 2021ರಲ್ಲಿ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದ. ಬೆಂಕಿ, ಬಿಸಿಲು, ಮೆಣಸಿನಕಾಯಿ ಇವೆಲ್ಲವೂ ಚರ್ಮದ ನರಗಳಿಗೆ ಒಂದೇ ಸುದ್ದಿಯನ್ನು ತಲಪಿಸುತ್ತವೆ. ರೊಸೇಶಿಯದ ಚರ್ಮ ಆ ಸುದ್ದಿಗೆ ಅತಿಯಾಗಿ ಓಗೊಡುತ್ತದೆ.

ಕಂದು ಮೈಬಣ್ಣದ ಮರೆಯಲ್ಲಿ

ಇದು ಬಿಳಿಯರ ರೋಗವೆಂದೂ ನಮ್ಮವರಿಗೆ ಬಾರದೆಂದೂ ಬಹುಕಾಲ ನಂಬಲಾಗಿತ್ತು. ಬಿಳಿಯರಲ್ಲಿ ಹೆಚ್ಚೆಂಬುದು ನಿಜ. ಆದರೆ ನಮ್ಮಲ್ಲಿ ಇಲ್ಲವೆನ್ನುವುದಕ್ಕಿಂತ, ಕಾಣಿಸುವುದಿಲ್ಲವೆನ್ನುವುದು ಸರಿ. ಗೋಧಿ ಬಣ್ಣದ ಮುಖದಲ್ಲಿ ಕೆಂಪು ಮಂಕಾಗಿ ತಾಮ್ರದ ಛಾಯೆಯಲ್ಲಿ ಕಾಣುತ್ತದೆ. ಕಪ್ಪು ಮುಖದಲ್ಲಿ ನೇರಳೆಗಂದಾಗಿ ತೋರಬಹುದು, ಏನೂ ತೋರದೆಯೂ ಇರಬಹುದು. "ಯಾಕೋ ಮುಖ ಕಪ್ಪಿಟ್ಟಿದೆಯಲ್ಲ" ಎಂದು ಮನೆಯವರು ಹೇಳುವುದು ಈ ಕೆಂಪನ್ನೇ ಕಂಡು. ಇಂಥವರಲ್ಲಿ ಕಣ್ಣಿಗಿಂತ ಮಾತು ಹೆಚ್ಚು ಪ್ರಯೋಜನಕಾರಿ. ಮುಖ ಆಗಾಗ ಕಾಯುತ್ತದೆಯೆ, ಉರಿಯುತ್ತದೆಯೆ, ಯಾವ ಕ್ರೀಮು ಹಚ್ಚಿದರೂ ಚುರುಗುಟ್ಟುತ್ತದೆಯೆ ಎಂದು ವೈದ್ಯರು ಕೇಳುತ್ತಾರೆ. ಗಾಜಿನ ಚಪ್ಪಟೆ ತುಂಡನ್ನು ಕೆನ್ನೆಗೆ ಒತ್ತಿ ನೋಡುತ್ತಾರೆ. ಹಿಗ್ಗಿದ ರಕ್ತನಾಳಗಳ ಕೆಂಪು ಒತ್ತಿದಾಗ ಮಾಯವಾಗಿ, ಬಿಟ್ಟಾಗ ಮರಳುತ್ತದೆ. ಬಂಗು ಮೊದಲಾದ ಕಲೆಗಳಾದರೆ ಒತ್ತಿದರೂ ಹಾಗೆಯೇ ಉಳಿಯುತ್ತವೆ.

ಈ ರೋಗವನ್ನು ಪತ್ತೆಹಚ್ಚುವ ರಕ್ತಪರೀಕ್ಷೆಯೆಂಬುದಿಲ್ಲ. ಮುಖದ ನಡುಭಾಗದಲ್ಲಿ ಬಿಡದೆ ನಿಂತು ಆಗಾಗ ಹೆಚ್ಚುವ ಕೆಂಪು, ಇಲ್ಲವೆ ಮೂಗು ಮೊದಲಾದೆಡೆ ಚರ್ಮ ದಪ್ಪವಾಗುವುದು, ಇವೆರಡರಲ್ಲಿ ಒಂದಿದ್ದರೂ ರೊಸೇಶಿಯ ಎನ್ನಬಹುದೆಂದು 2017ರಲ್ಲಿ ತಜ್ಞರು ಗೊತ್ತುಮಾಡಿದರು. ಆದರೆ ಅದಕ್ಕೆ ಮೊದಲು ಇತರ ರೋಗಗಳನ್ನು ಬದಿಗೆ ಸರಿಸಬೇಕು. ಹರೆಯದ ಮೊಡವೆಯಲ್ಲಿ ಕಪ್ಪುಚುಕ್ಕೆಯ ಗುಳ್ಳೆಗಳಿರುತ್ತವೆ, ರೊಸೇಶಿಯದಲ್ಲಿ ಅವು ಇರುವುದಿಲ್ಲ. ಮೂಗಿನ ಬದಿಯ ಮಡಿಕೆಗಳಲ್ಲಿ ಹೊಟ್ಟು ಏಳುತ್ತಿದ್ದರೆ ಅದು ತಲೆಹೊಟ್ಟಿನ ಸಂಬಂಧಿ. ಎರಡು ಕೆನ್ನೆಗಳ ಮೇಲೆ ಚಿಟ್ಟೆ ರೆಕ್ಕೆ ಚಾಚಿದಂತೆ ಹರಡಿ, ಮೂಗಿನ ಬದಿಯ ಮಡಿಕೆಯನ್ನು ಮಾತ್ರ ಬಿಟ್ಟು, ಜೊತೆಗೆ ಕೀಲುನೋವು, ಜ್ವರ, ಬಳಲಿಕೆ ತಂದರೆ ಲೂಪಸ್ ಎಂಬ ಗಂಭೀರ ರೋಗವಿರಬಹುದು. ಅದು ಮೂತ್ರಪಿಂಡವನ್ನೂ ಕೆಡಿಸಬಲ್ಲದು. ನಮ್ಮ ದೇಶದಲ್ಲಿ ಇನ್ನೊಂದನ್ನು ಮರೆಯುವಂತಿಲ್ಲ. ಮುಖ ಕೆಂಪಾಗಿ ದಪ್ಪವಾಗುವುದು, ಕಿವಿಯ ಹಾಲೆ ಊದುವುದು, ಹುಬ್ಬು ಉದುರುವುದು ಕುಷ್ಠದ ಲಕ್ಷಣಗಳೂ ಹೌದು. ಅದಕ್ಕೆ ಈಗ ಪೂರ್ಣ ಗುಣ ಕೊಡುವ ಔಷಧವಿದೆ. ಹೆಸರಿಗೆ ಹೆದರಿ ವೈದ್ಯರಿಂದ ತಲೆಮರೆಸಿಕೊಳ್ಳುವುದು ಅವಿವೇಕ.

ಒಂದು ಟ್ಯೂಬಿನ ಕತೆ

ನಮ್ಮ ನಾಡಿನ ಯಾವ ಊರಿನಲ್ಲಿಯಾದರೂ ನಡೆಯುವ ಪ್ರಸಂಗವಿದು. ಶಾಲೆಯ ಉಪಾಧ್ಯಾಯಿನಿಯೊಬ್ಬರಿಗೆ ಕೆನ್ನೆ ಕೆಂಪಾಗಿ ನಾಲ್ಕು ಗುಳ್ಳೆಗಳೆದ್ದಿವೆ. ಮನೆಯಲ್ಲಿ ಮದುವೆ ಬಂದಿದೆ. ಔಷಧದಂಗಡಿಗೆ ಹೋಗಿ ಕೇಳುತ್ತಾರೆ.

"ಇದನ್ನು ಹಚ್ಚಿ ನೋಡಿ ಮೇಡಂ. ನಾಲ್ಕೇ ದಿನದಲ್ಲಿ ಮುಖ ತಿಳಿಯಾಗುತ್ತದೆ."

ಅಂಗಡಿಯವನು ಹೇಳಿದ್ದು ಸುಳ್ಳಾಗುವುದಿಲ್ಲ. ನಾಲ್ಕು ದಿನದಲ್ಲಿ ಕೆಂಪು ಅಡಗುತ್ತದೆ, ಗುಳ್ಳೆ ಮಾಯವಾಗುತ್ತದೆ, ಮುಖ ಬೆಳ್ಳಗಾಗುತ್ತದೆ. ಮದುವೆಯಲ್ಲಿ ನೆಂಟರು ಮೆಚ್ಚಿಕೊಳ್ಳುತ್ತಾರೆ. ಟ್ಯೂಬು ಮುಗಿಯುತ್ತದೆ; ವಾರದೊಳಗೆ ಮುಖ ಮೊದಲಿಗಿಂತ ಹೆಚ್ಚಾಗಿ ಉರಿಯುತ್ತದೆ. ಇನ್ನೊಂದು ಟ್ಯೂಬು ಬರುತ್ತದೆ. ಹೀಗೆ ತಿಂಗಳುಗಳು, ವರ್ಷಗಳು. ಆ ಟ್ಯೂಬಿನಲ್ಲಿದ್ದುದು ಸ್ಟೆರಾಯ್ಡ್. ಅದು ರಕ್ತನಾಳಗಳನ್ನು ಕುಗ್ಗಿಸಿ ಕೆಂಪನ್ನು ಅಡಗಿಸುತ್ತದೆ. ಬಹುಕಾಲ ಹಚ್ಚಿದರೆ ಚರ್ಮವನ್ನು ಈರುಳ್ಳಿ ಸಿಪ್ಪೆಯಷ್ಟು ತೆಳುವಾಗಿಸುತ್ತದೆ. ಆಮೇಲೆ ರಕ್ತನಾಳಗಳು ಎದ್ದು ಕಾಣುತ್ತವೆ, ಗುಳ್ಳೆಗಳು ಮುಖ ತುಂಬುತ್ತವೆ, ಕೆನ್ನೆಯ ಮೇಲೆ ಬೇಡದ ರೋಮ ಬೆಳೆಯುತ್ತದೆ. ರೊಸೇಶಿಯ ಇದ್ದವರಿಗೆ ಅದು ಇಮ್ಮಡಿಯಾಗುತ್ತದೆ, ಇಲ್ಲದವರಿಗೆ ಅದರದೇ ಪಡಿಯಚ್ಚು ಬರುತ್ತದೆ. ರೋಗವನ್ನು ಕೊಂಡು ತಂದಂತೆ.

ಭಾರತದ ಹಲವು ಚರ್ಮರೋಗ ಕೇಂದ್ರಗಳಲ್ಲಿ ನಡೆಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಮುಖದ ಚರ್ಮದ ತೊಂದರೆಯೆಂದು ಬಂದ 2,926 ಮಂದಿಯಲ್ಲಿ 433 ಮಂದಿ ಸ್ಟೆರಾಯ್ಡ್ ಕ್ರೀಮು ಹಚ್ಚುತ್ತಿದ್ದರು. ಆ 433ರಲ್ಲಿ 257 ಮಂದಿಗೆ ಅದನ್ನು ಸೂಚಿಸಿದವರು ವೈದ್ಯರೇ ಅಲ್ಲ! ಚರ್ಮವೈದ್ಯರು ಇದರ ವಿರುದ್ಧ ಎತ್ತಿದ ಕೂಗಿನ ಫಲವಾಗಿ 2018ರ ಮಾರ್ಚಿಯಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟೆರಾಯ್ಡ್ ಕ್ರೀಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಗಳ ಪಟ್ಟಿಗೆ ಸೇರಿಸಿತು. ಪಟ್ಟಿಗೆ ಸೇರಿಸುವುದು ಬೇರೆ, ಅಂಗಡಿಯ ಕಟ್ಟೆಯ ಮೇಲೆ ಅದು ಜಾರಿಗೆ ಬರುವುದು ಬೇರೆ. ಆದುದರಿಂದ ಕೊಳ್ಳುವವರೇ ಟ್ಯೂಬಿನ ಸಣ್ಣಕ್ಷರಗಳನ್ನು ಓದಿಕೊಳ್ಳುವುದು ಲೇಸು. ಬೆಟಮೆಥಸೋನ್, ಕ್ಲೋಬೆಟಸೋಲ್, ಮೊಮೆಟಸೋನ್, ಫ್ಲುಓಸಿನೊಲೋನ್ ಎಂಬ ಹೆಸರುಗಳು ಕಂಡರೆ ಅದು ಸ್ಟೆರಾಯ್ಡ್. ಆಗಲೇ ಚಟಕ್ಕೆ ಬಿದ್ದವರಿಗೆ ಬಿಡುವ ಕಾಲ ಕಠಿಣವಾದದ್ದು. ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಮುಖ ಉರಿಯುತ್ತದೆ. ಒಮ್ಮೆಲೆ ಬಿಡಬೇಕೆ, ಹಂತಹಂತವಾಗಿಯೇ ಎಂಬುದನ್ನು ಚರ್ಮವೈದ್ಯರು ನಿರ್ಧರಿಸುತ್ತಾರೆ. ಆ ಅವಧಿಯಲ್ಲಿ ಮನೆಯವರು ಕನ್ನಡಿಯ ಮಾತೆತ್ತದಿರುವುದೇ ದೊಡ್ಡ ಉಪಕಾರ.

ಪಳಗಿಸುವ ಬಗೆ

ರೊಸೇಶಿಯವನ್ನು ಬೇರುಸಹಿತ ಕೀಳುವ ಔಷಧ ಇನ್ನೂ ಬಂದಿಲ್ಲ, ಅಂಕೆಯಲ್ಲಿಡಬಹುದು. ಮೊದಲ ಪಥ್ಯವೆಂದರೆ ಬಿಸಿಲು. ಛತ್ರಿ, ಅಗಲ ಅಂಚಿನ ಟೋಪಿ, ಜೊತೆಗೆ ಸತುವಿನ ಅಥವಾ ಟೈಟೇನಿಯಮಿನ ಆಕ್ಸೈಡ್ ಇರುವ, ರಕ್ಷಣಾಂಕ 30ಕ್ಕೆ ಕಡಿಮೆಯಿಲ್ಲದ ಬಿಸಿಲುತಡೆ ಲೇಪ. ಉಗುರು ಬೆಚ್ಚಗಿನ ನೀರು, ಮೃದುವಾದ ತೊಳೆಯುವ ದ್ರವ, ಒರಟಿಲ್ಲದ ವಸ್ತ್ರ. ನಿಂಬೆರಸ, ಕಡಲೆಹಿಟ್ಟಿನ ತಿಕ್ಕಾಟ, ಹಬೆ, ಬ್ಲೀಚು ಇವು ಬೇರೆಯವರ ಮುಖಕ್ಕೆ ಏನು ಮಾಡುತ್ತವೆಯೋ ತಿಳಿಯದು, ಈ ಮುಖಕ್ಕೆ ಮಾತ್ರ ಶತ್ರುಗಳು.

ಇನ್ನು ಕಾಫಿ. ರೊಸೇಶಿಯ ಎಂದೊಡನೆ ಕಾಫಿಯನ್ನು ಬಿಡಿಸುವುದು ಹಳೆಯ ವೈದ್ಯರ ವಾಡಿಕೆಯಾಗಿತ್ತು. ಅಮೆರಿಕದ ಜೊನಾಥನ್ ವಿಲ್ಕಿನ್ ಎಂಬ ವೈದ್ಯ 1981ರಲ್ಲಿ ಇದನ್ನು ಪರೀಕ್ಷೆಗೆ ಒಡ್ಡಿದ. ರೋಗಿಗಳಿಗೆ 60 ಡಿಗ್ರಿ ಸೆಂಟಿಗ್ರೇಡ್ ಶಾಖದ ಕಾಫಿ ಕುಡಿಸಿದ, ಮುಖ ಕೆಂಪೇರಿತು. ಅಷ್ಟೇ ಶಾಖದ ಬರಿಯ ನೀರು ಕುಡಿಸಿದ, ಆಗಲೂ ಕೆಂಪೇರಿತು. 22 ಡಿಗ್ರಿಯ ತಣ್ಣನೆಯ ಕಾಫಿ ಕೊಟ್ಟ, ಏನೂ ಆಗಲಿಲ್ಲ. ಅಪರಾಧ ಕಾಫಿಯದಲ್ಲ, ಬಿಸಿಯದು. 2018ರಲ್ಲಿ ಪ್ರಕಟವಾದ, ಅಮೆರಿಕದ 82,737 ದಾದಿಯರ ಮೇಲಿನ ದೀರ್ಘ ಅಧ್ಯಯನದಲ್ಲಿ ಕಾಫಿ ಹೆಚ್ಚು ಕುಡಿಯುವವರಿಗೆ ಈ ರೋಗ ಕಡಿಮೆ ಬಂದದ್ದೂ ಕಂಡಿತು. ಕಾಫಿಯೇ ಮದ್ದೆಂದು ಇದರಿಂದ ಸಿದ್ಧವಾಗುವುದಿಲ್ಲವಾದರೂ ಫಿಲ್ಟರ್ ಕಾಫಿಯ ಭಕ್ತರಿಗೆ ಇಷ್ಟು ಸಮಾಧಾನ ಸಾಕು. ಲೋಟದಿಂದ ಬಟ್ಟಲಿಗೆ ಇನ್ನೆರಡು ಸಲ ಎತ್ತಿ ಹೊಯ್ದು ಆರಿಸಿ ಕುಡಿದರಾಯಿತು. ಸಾರಿಗೂ ಇದೇ ನ್ಯಾಯ. ಖಾರದ ವಿಷಯದಲ್ಲಿ, ಬಣ್ಣ ಹೆಚ್ಚು, ಖಾರ ಕಡಿಮೆಯಿರುವ ಬ್ಯಾಡಗಿ ಮೆಣಸಿನಕಾಯಿ ಈ ನಾಡಿನಲ್ಲಿಯೇ ಬೆಳೆಯುತ್ತದೆ. ಒಬ್ಬರನ್ನು ಕೆರಳಿಸುವುದು ಇನ್ನೊಬ್ಬರನ್ನು ಕೆರಳಿಸಲಾರದು. ಕೆಲವು ವಾರ ದಿನಚರಿ ಬರೆದಿಟ್ಟರೆ ತನ್ನ ವೈರಿ ಯಾವುದೆಂದು ತಾನೇ ಕಂಡುಕೊಳ್ಳಬಹುದು. ಎಲ್ಲವನ್ನೂ ಬಿಟ್ಟು ಸಂನ್ಯಾಸಿಯಾಗಬೇಕಿಲ್ಲ.

ಗುಳ್ಳೆಗಳಿಗೆ ಮೆಟ್ರೊನಿಡಜೋಲ್, ಅಜೆಲೈಕ್ ಆಮ್ಲ, ಐವರ್ಮೆಕ್ಟಿನ್ ಎಂಬ ಲೇಪಗಳಿವೆ. ಇವುಗಳಲ್ಲಿ ಕಡೆಯದು ಜಪಾನಿನ ಮಣ್ಣಿನ ಸೂಕ್ಷ್ಮಾಣುವೊಂದರಿಂದ ಹುಟ್ಟಿ, ಆಫ್ರಿಕದ ಲಕ್ಷಾಂತರ ಜನರನ್ನು ಕುರುಡಿನಿಂದ ಪಾರುಮಾಡಿ, ಕಂಡುಹಿಡಿದವರಿಗೆ 2015ರಲ್ಲಿ ನೊಬೆಲ್ ಗಳಿಸಿಕೊಟ್ಟ ಔಷಧವೇ. ರೋಗ ಬಲವಾಗಿದ್ದರೆ ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ಅಲ್ಪ ಪ್ರಮಾಣದಲ್ಲಿ ಕೊಡುತ್ತಾರೆ. ಆ ಪ್ರಮಾಣದಲ್ಲಿ ಅದು ರೋಗಾಣುವನ್ನು ಕೊಲ್ಲದೆ ಉರಿಯೂತವನ್ನಷ್ಟೆ ತಣಿಸುತ್ತದೆ. ಬಸುರಿಯರಿಗೂ ಎಳೆಯ ಮಕ್ಕಳಿಗೂ ಇದು ಸಲ್ಲದು. ಗುಣ ಕಾಣಲು ಎಂಟು ಹತ್ತು ವಾರಗಳಾದರೂ ಬೇಕು. ನಾಲ್ಕು ದಿನದ ಟ್ಯೂಬಿಗೆ ಒಗ್ಗಿದವರಿಗೆ ಈ ತಾಳ್ಮೆ ಕಷ್ಟವಾಗುವುದು ಸಹಜ. ನಿಂತ ಕೆಂಪಿಗೆ ಬ್ರಿಮೊನಿಡಿನ್ ಎಂಬ ಲೇಪವುಂಟು. ಕೆಲವು ಗಂಟೆ ಕೆಂಪು ಅಡಗಿಸುತ್ತದೆ, ಕೆಲವರಲ್ಲಿ ಇಳಿದ ಮೇಲೆ ಹೆಚ್ಚಾಗಿ ಮರುಕಳಿಸುತ್ತದೆ. ಎದ್ದು ಕಾಣುವ ರಕ್ತನಾಳಗಳನ್ನು ಲೇಸರ್ ಕಿರಣದಿಂದ ಮುಚ್ಚಬಹುದು. ನಮ್ಮ ಮೈಬಣ್ಣಕ್ಕೆ ಅದರಿಂದ ಸುಟ್ಟ ಕಲೆ ಬೀಳುವ ಅಪಾಯ ಹೆಚ್ಚಾದ್ದರಿಂದ, ಕಂದು ಚರ್ಮದ ಮೇಲೆ ಕೈ ಪಳಗಿದವರೇ ಮಾಡಬೇಕು. ಮಾರ್ಗನ್ನನಂಥ ಮೂಗನ್ನು ಇಂದು ಶಸ್ತ್ರಚಿಕಿತ್ಸೆಯಿಂದಲೋ ಲೇಸರಿನಿಂದಲೋ ಪದರ ಪದರವಾಗಿ ಕೆತ್ತಿ ಮೊದಲಿನ ಆಕಾರಕ್ಕೆ ತರಬಲ್ಲರು.

ಕಣ್ಣಿನ ಮಾತು ಬಿಟ್ಟುಹೋಗಬಾರದು. ಈ ರೋಗ ಅನೇಕರ ಕಣ್ಣಿಗೂ ಇಳಿಯುತ್ತದೆ. ಕೆಲವರಲ್ಲಿ ಮುಖಕ್ಕಿಂತ ಮೊದಲೇ. ಮರಳು ಬಿದ್ದಂತೆ ಚುಚ್ಚುವುದು, ಒಣಗುವುದು, ಬೆಳಕನ್ನು ಸಹಿಸದಿರುವುದು, ರೆಪ್ಪೆಯಂಚಿನಲ್ಲಿ ಮೇಲಿಂದ ಮೇಲೆ ಕುರು ಏಳುವುದು ಇದರ ಲಕ್ಷಣಗಳು. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯ ಹಿತವಾದ ಶಾಖ, ರೆಪ್ಪೆಗಳ ಶುಚಿ ಇವುಗಳಿಂದ ಬಹಳಷ್ಟು ಶಮನವಾಗುತ್ತದೆ. ನೋವು ಬಂದರೆ, ದೃಷ್ಟಿ ಮಂಜಾದರೆ ಮಾತ್ರ ತಡಮಾಡದೆ ಕಣ್ಣಿನ ವೈದ್ಯರಲ್ಲಿಗೆ ಹೋಗಬೇಕು. ಕರಿಗುಡ್ಡೆಯ ಮೇಲಿನ ಪಾರದರ್ಶಕ ಪೊರೆಯಲ್ಲಿ ಹುಣ್ಣಾದರೆ ದೃಷ್ಟಿಗೇ ಕುತ್ತು.

ಚರ್ಮವೈದ್ಯರನ್ನು ಕಾಣಲು ಹೊರಟವರು ಈವರೆಗೆ ಹಚ್ಚಿದ ಎಲ್ಲ ಟ್ಯೂಬುಗಳನ್ನೂ, ಮುಗಿದು ಮಡಿಚಿದವನ್ನೂ ಸೇರಿಸಿ, ಒಂದು ಚೀಲದಲ್ಲಿ ಕೊಂಡೊಯ್ಯಬೇಕು. ಇನ್ನೊಂದು ತೊಡಕಿದೆ. ಮನೆಯಲ್ಲಿ ಕೆಂಡವಾಗುತ್ತಿದ್ದ ಮುಖ ವೈದ್ಯರ ತಂಪು ಕೋಣೆಯಲ್ಲಿ ಏನೂ ಅರಿಯದಂತೆ ಶಾಂತವಾಗಿಬಿಡುವುದುಂಟು. ಅದಕ್ಕಾಗಿ ಕೆಂಪೇರಿದ ಹೊತ್ತಿನಲ್ಲಿಯೇ ಕಿಟಕಿಯ ಹಗಲು ಬೆಳಕಿನಲ್ಲಿ, ಹಿಂದೆ ಕಡುನೀಲಿಯ ಸೀರೆಯನ್ನೋ ಹೊದಿಕೆಯನ್ನೋ ಇಳಿಬಿಟ್ಟು, ಒಂದು ಚಿತ್ರ ತೆಗೆಸಿಟ್ಟುಕೊಂಡರೆ ಒಳ್ಳೆಯದು. ನೀಲಿಯ ಮುಂದೆ ಕಂದು ಮುಖದ ಕೆಂಪು ಎದ್ದು ಕಾಣುತ್ತದೆ. ಇಂದಿನ ಕೆಲವು ಫೋನುಗಳು ಮಾರ್ಗನ್ನನ ಚಿತ್ರ ತಿದ್ದುವವರಂತೆ ಮುಖವನ್ನು ತಾವಾಗಿಯೇ ನಯಗೊಳಿಸಿಬಿಡುತ್ತವೆ. ಚಿತ್ರ ತೆಗೆಯುವ ಮೊದಲು ಆ ಏರ್ಪಾಡನ್ನು ನಿಲ್ಲಿಸಿಕೊಳ್ಳಬೇಕು.